ನಿಧಿ ನಿಕ್ಷೇಪ ಜಲ: ಚಾಮರಾಜನಗರ-ಗುಂಡ್ಲುಪೇಟೆಯ ಸೀಮೆಯಲ್ಲಿ ನೆಲದಡಿಯ ವಸ್ತುಗಳ ಶೋಧ

ವಿಜಯನಗರದ ಅರಸರ ಕಾಲದಲ್ಲಿಯೂ ಅನಂತರ ಮೈಸೂರು ಒಡೆಯರ ಕಾಲದಲ್ಲಿಯೂ ಹುಟ್ಟಿದ ಭೂದಾನ ಶಾಸನಗಳನ್ನು ಓದಿದವರಿಗೆಲ್ಲ ಅಷ್ಟಭೋಗಗಳ ಪಟ್ಟಿ ಪರಿಚಿತವಾಗಿರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಬಗೆಯ ಸ್ವಾಮ್ಯಗಳೊಡನೆ ಗ್ರಾಮವನ್ನು ದತ್ತಿ ಬಿಡುವುದು ಅಂದಿನ ವಾಡಿಕೆ. ಈ ಪಟ್ಟಿಯನ್ನು ನಾವು ಸಾಮಾನ್ಯವಾಗಿ ಶಾಸನಭಾಷೆಯ ಒಂದು ಸಿದ್ಧ ಪದಪುಂಜವೆಂದು ಭಾವಿಸಿ ಮುಂದೆ ಸಾಗುತ್ತೇವೆ. ಆದರೆ ಸ್ವಲ್ಪ ನಿಂತು ನೋಡಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಮೊದಲ ನಾಲ್ಕು ಭೋಗಗಳು ನೆಲದ ಒಡಲಿಗೆ ಸಂಬಂಧಿಸಿದವು. ಅವುಗಳಲ್ಲಿಯೂ ಹೂತಿಟ್ಟ ಹೊನ್ನು, ಇರಿಸಿದ ಒಡವೆ, ನೀರು ಈ ಮೂರೂ ಒಂದರ ಬೆನ್ನಿಗೊಂದು ಬರುತ್ತವೆ. ಕಣ್ಣಿಗೆ ಕಾಣದ ಹೊನ್ನಿಗೂ ಕಣ್ಣಿಗೆ ಕಾಣದ ನೀರಿಗೂ ನಮ್ಮ ಹಿರಿಯರ ಮನಸ್ಸಿನಲ್ಲಿ ನೆರೆಹೊರೆಯ ಸಂಬಂಧವಿತ್ತು. ಇವನ್ನು ಕಂಡುಹಿಡಿಯುವ ಉಪಾಯಗಳೂ ಜನಜೀವನದಲ್ಲಿ ಅಕ್ಕಪಕ್ಕದಲ್ಲಿಯೇ ಬೆಳೆದುವು.

ಆ ಉಪಾಯಗಳ ಇತಿಹಾಸವನ್ನು ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳನ್ನು ಕೇಂದ್ರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಕವಲುಕಡ್ಡಿ, ತೆಂಗಿನಕಾಯಿ, ಅಂಜನ ಇವು ನಗೆಗೆ ವಸ್ತುವೆಂದು ವಿದ್ಯಾವಂತರು ಎಣಿಸುವುದುಂಟು. ಆದರೆ ಇವುಗಳ ಮಾತನ್ನು ನಂಬಿ ರೈತನು ಸಾಲ ಮಾಡುತ್ತಾನೆ. ಇವುಗಳ ಮಾತನ್ನು ನಂಬಿಯೇ ಹಳೆಯ ಗುಡಿಗಳ ಅಡಿಪಾಯವನ್ನು ಅಗೆಯುವವರಿದ್ದಾರೆ. ಹೀಗಿರಲಾಗಿ ಇದು ನಗೆಯ ವಿಷಯವಲ್ಲ, ವಿಚಾರದ ವಿಷಯ.

ಮೊದಲು ಸೀಮೆಯ ಪರಿಚಯವನ್ನು ಮಾಡಿಕೊಳ್ಳೋಣ. ಇಂದಿನ ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂಬ ಕಾರಣದಿಂದ 1818ರಲ್ಲಿ ಈ ಹೊಸ ಹೆಸರನ್ನು ಕೊಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಗುಂಡ್ಲುಪೇಟೆಯ ಪ್ರಾಚೀನ ನಾಮ ವಿಜಯಪುರ. ಅದರ ನೆರೆಯ ತೆರಕಣಾಂಬಿ ಮಧ್ಯಯುಗದಲ್ಲಿ ಹೆಸರಾಂತ ಪಟ್ಟಣ. ಈ ಎರಡು ತಾಲ್ಲೂಕುಗಳ ಶಾಸನಗಳು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಬೆಳಕು ಕಂಡುವು. ದೀರ್ಘಕಾಲ ಮೈಸೂರು ಜಿಲ್ಲೆಗೆ ಸೇರಿದ್ದ ಈ ಪ್ರದೇಶ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು.

ಈ ನಾಡಿನ ದಕ್ಷಿಣ ಪಶ್ಚಿಮಗಳಲ್ಲಿ ಬೆಟ್ಟಗಳು; ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ನೀರು ಗುಂಡ್ಲು ಹೊಳೆಯಾಗಿ ಉತ್ತರಾಭಿಮುಖವಾಗಿ ಹರಿದು ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ಚಾಮರಾಜನಗರದ ಕಡೆಯ ಸುವರ್ಣಾವತಿ ಕಾವೇರಿಯನ್ನು ಕೂಡುತ್ತದೆ. ಹೊಳೆಗಳು ಇದ್ದರೂ ಬಯಲು ಮಾತ್ರ ಮಳೆಯ ನೆರಳಿನ ಸೀಮೆ. ಬೆಟ್ಟದಲ್ಲಿ ಸುರಿದ ಮಳೆ ಬಯಲಿಗೆ ಬರುವಷ್ಟರಲ್ಲಿ ಸಣ್ಣದಾಗುತ್ತದೆ. ನೆಲದಡಿ ಇರುವುದು ಗಟ್ಟಿಯಾದ ನೈಸ್ ಶಿಲೆ ಮತ್ತು ಚಾರ್ನೊಕೈಟ್ ಶಿಲೆ. ಇಂತಹ ಶಿಲೆಯಲ್ಲಿ ಮರಳಿನಲ್ಲಿರುವಂತೆ ಎಲ್ಲೆಡೆಯೂ ನೀರು ತುಂಬಿಕೊಂಡಿರುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಸ್ವಲ್ಪ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಸ್ವಲ್ಪ, ಹೀಗೆ ನೀರು ಹಂಚಿಹೋಗಿರುತ್ತದೆ. ಒಂದು ಹೊಲದಲ್ಲಿ ನೀರು ಉಕ್ಕಿದರೆ ಬದುವಿನ ಆಚೆಯ ಹೊಲದಲ್ಲಿ ಬರಿಯ ಕಲ್ಲುಪುಡಿ ಹಾರುವುದು ಈ ಕಾರಣದಿಂದಲೇ. ನೀರು ನೋಡುವವರ ವೃತ್ತಿಗೆ ಇದಕ್ಕಿಂತ ಒಗ್ಗುವ ಭೂಮಿ ಬೇರೆ ಇಲ್ಲ.

ನೀರು ನೋಡುವ ರೀತಿಗಳು ಹಲವು. ಬೇವು, ಹೊಂಗೆ ಮುಂತಾದ ಮರದ ಹಸಿ ಕವಲುಕಡ್ಡಿಯ ಎರಡು ತುದಿಗಳನ್ನು ಮುಷ್ಟಿಗಳಲ್ಲಿ ಬಿಗಿಹಿಡಿದು ಹೊಲದಲ್ಲಿ ನಡೆಯುವುದು ಒಂದು. ಕಡ್ಡಿಯ ಮೂತಿ ತಿರುಗಿದ ಸ್ಥಳದಲ್ಲಿ ನೀರಿದೆಯೆಂದು ನಂಬಿಕೆ. ಅಂಗೈಯ ಮೇಲೆ ತೆಂಗಿನಕಾಯಿಯನ್ನು ಅಡ್ಡಲಾಗಿ ಇರಿಸಿಕೊಂಡು ನಡೆಯುವುದು ಇನ್ನೊಂದು. ಕಾಯಿ ಎದ್ದು ನಿಂತರೆ ಕೆಳಗೆ ಸೆಲೆಯುಂಟು. ಬಗ್ಗಿಸಿದ ಎರಡು ಲೋಹದ ತಂತಿಗಳನ್ನು ಹಿಡಿಯುವವರೂ ದಾರಕ್ಕೆ ಕಟ್ಟಿದ ಗುಂಡನ್ನು ತೂಗಿ ನೋಡುವವರೂ ಇದ್ದಾರೆ. ಕೊಳವೆ ಬಾವಿಗಳು ಬಂದ ಮೇಲೆ ಇದಕ್ಕೆ ‘ಪಾಯಿಂಟ್ ನೋಡಿಸುವುದು’ ಎಂಬ ಹೊಸ ಹೆಸರು ಹುಟ್ಟಿತು. ಕೆಲಸ ಮಾತ್ರ ಹಳೆಯದೇ. ಕಳೆದುಹೋದ ದನಕ್ಕೂ ಕಳುವಾದ ಒಡವೆಗೂ ಹೂತ ನಿಧಿಗೂ ಇರುವ ಉಪಾಯ ಅಂಜನ. ವೀಳ್ಯದೆಲೆಗೋ ಅಂಗೈಗೋ ಕಪ್ಪು ಲೇಪವನ್ನು ಹಚ್ಚಿ, ಅದನ್ನು ದಿಟ್ಟಿಸಿ ನೋಡುವಂತೆ ಒಬ್ಬ ಬಾಲಕನಿಗೆ ಹೇಳಿ, ಅವನು ಕಂಡೆನೆಂದು ಹೇಳಿದುದನ್ನು ಪ್ರಮಾಣವೆಂದು ಗ್ರಹಿಸುವುದು ಇದರ ಕ್ರಮ. ಕಡ್ಡಿಯಲ್ಲಿ ಕೈ ಮಾತನಾಡುತ್ತದೆ, ಅಂಜನದಲ್ಲಿ ಕಣ್ಣು, ವ್ಯತ್ಯಾಸ ಇಷ್ಟೇ.

ಇವೆಲ್ಲವೂ ಶಾಸ್ತ್ರೋಕ್ತವೆಂದು ಹೇಳುವವರು ಸಾಮಾನ್ಯವಾಗಿ ವರಾಹಮಿಹಿರನನ್ನು ಹೆಸರಿಸುತ್ತಾರೆ. ಆರನೆಯ ಶತಮಾನದ ಆತನ ಬೃಹತ್ಸಂಹಿತೆಯಲ್ಲಿ ದಕಾರ್ಗಳವೆಂಬ ಅಧ್ಯಾಯವೊಂದು ನೆಲದಡಿಯ ನೀರಿಗೆ ಮೀಸಲಾಗಿರುವುದು ನಿಜ. ಮನುಷ್ಯನ ಮೈಯಲ್ಲಿ ರಕ್ತನಾಳಗಳಿರುವಂತೆ ಭೂಮಿಯಲ್ಲಿ ಜಲಸಿರೆಗಳಿವೆಯೆಂಬುದು ಅಲ್ಲಿನ ಕಲ್ಪನೆ. ನಿರ್ಜಲ ಪ್ರದೇಶದಲ್ಲಿ ಬೆತ್ತದ ಗಿಡವಿದ್ದರೆ ಅದರ ಪಶ್ಚಿಮಕ್ಕೆ ಮೂರು ಮೊಳದ ದೂರದಲ್ಲಿ ಒಂದೂವರೆ ಪುರುಷ ಪ್ರಮಾಣದ ಆಳದಲ್ಲಿ ನೀರು ದೊರೆಯುವುದೆಂದು ಆತನು ಹೇಳುತ್ತಾನೆ. ಪುರುಷ ಪ್ರಮಾಣವೆಂದರೆ ಕೈಯೆತ್ತಿ ನಿಂತ ಮನುಷ್ಯನ ಎತ್ತರ, ಸುಮಾರು ಏಳೂವರೆ ಅಡಿ. ಅಗೆಯುತ್ತ ಹೋದಂತೆ ಬಿಳಿಚಿದ ಕಪ್ಪೆ, ಹಳದಿ ಮಣ್ಣು, ಪದರಗಲ್ಲು ಇವು ಕಂಡುಬರಬೇಕೆಂದು ಗುರುತುಗಳನ್ನೂ ಕೊಡುತ್ತಾನೆ. ನೇರಿಳೆಯ ಮರವಾದರೆ ಉತ್ತರಕ್ಕೆ ಮೂರು ಮೊಳ, ಎರಡು ಪುರುಷ ಆಳ, ಕಬ್ಬಿಣದ ವಾಸನೆಯ ಮಣ್ಣು. ಹುತ್ತಗಳು ಎಲ್ಲಿವೆಯೆಂಬುದೂ ಆತನಿಗೆ ಮುಖ್ಯ. ತನಗಿಂತ ಹಿಂದಿನ ಸಾರಸ್ವತ ಮತ್ತು ಮನು ಎಂಬ ಆಚಾರ್ಯರನ್ನೂ ಆತನು ಸ್ಮರಿಸುತ್ತಾನೆ.

ಕನ್ನಡದಲ್ಲಿಯೂ ಈ ವಿದ್ಯೆಗೆ ಸ್ಥಾನ ದೊರಕಿತು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರವು ಗೃಹಸ್ಥನಿಗೂ ಕೃಷಿಕನಿಗೂ ಬೇಕಾದ ವಿಷಯಗಳ ಸಂಗ್ರಹ. ಅಡುಗೆ, ವೈದ್ಯ, ವೃಕ್ಷಾಯುರ್ವೇದಗಳೊಡನೆ ಉದಕಾರ್ಗಳವೂ ಅದರಲ್ಲಿ ಸೇರಿದೆ. ಸಂಸ್ಕೃತ ಬಾರದ ಒಕ್ಕಲಿಗನ ನಾಡಿನಲ್ಲಿ ನೀರಿನ ವಿಚಾರವನ್ನು ದೇಶಭಾಷೆಯಲ್ಲಿ ಹೇಳಬೇಕೆಂದು ಒಂದು ಸಾವಿರ ವರ್ಷಗಳ ಹಿಂದೆ ಕವಿಯೊಬ್ಬನಿಗೆ ತೋರಿದುದು ಸ್ಮರಣಾರ್ಹ.

ಆದರೆ ಇಲ್ಲಿ ಒಂದು ಭೇದವನ್ನು ನಾವು ಸ್ಪಷ್ಟವಾಗಿ ಗುರುತಿಸಬೇಕು. ವರಾಹಮಿಹಿರನ ದಕಾರ್ಗಳದ ವಿಧಾನ ಕವಲುಕಡ್ಡಿಯದಲ್ಲ, ತೆಂಗಿನಕಾಯಿಯದೂ ಅಲ್ಲ. ಮರ, ಹುತ್ತ, ಮಣ್ಣಿನ ಬಣ್ಣ, ಕಲ್ಲಿನ ಜಾತಿ ಇವು ಯಾರು ಬೇಕಾದರೂ ಹೋಗಿ ನೋಡಬಹುದಾದ ಚಿಹ್ನೆಗಳು. ಆತನ ಮಾತು ತಪ್ಪಾಗಿದ್ದರೆ ತಪ್ಪೆಂದು ತೋರಿಸುವುದಕ್ಕೆ ಸಾಧ್ಯವಿದೆ. ಇಷ್ಟು ಮೊಳ, ಇಷ್ಟು ಆಳ ಎಂದು ಆತನೇ ಅಳತೆಯನ್ನು ಕೊಟ್ಟಿದ್ದಾನೆ. ಆಳವಾದ ಬೇರಿನ ಕೆಲವು ಸಸ್ಯಗಳು ಭೂಜಲವನ್ನು ಸೂಚಿಸುತ್ತವೆಂಬ ವಿಷಯವನ್ನು ಅಮೆರಿಕದ ಭೂವಿಜ್ಞಾನಿ ಮೈನ್ಜರ್ 1927ರಲ್ಲಿ ಒಂದು ಗ್ರಂಥದಲ್ಲಿ ಚರ್ಚಿಸಿದನು. ದಕಾರ್ಗಳದ ಎಲ್ಲ ವಚನಗಳೂ ಸತ್ಯವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದರ ದಾರಿ ವೀಕ್ಷಣೆಯ ದಾರಿಯೆಂದು ಮಾತ್ರ ಸಿದ್ಧವಾಗುತ್ತದೆ. ಕಡ್ಡಿಯ ದಾರಿ ಬೇರೆ. ಅಲ್ಲಿ ಚಿಹ್ನೆ ಇರುವುದು ನೆಲದಲ್ಲಲ್ಲ, ಹಿಡಿದವನ ಕೈಯಲ್ಲಿ. ಕಡ್ಡಿಯ ಪರವಾಗಿ ವರಾಹಮಿಹಿರನನ್ನು ಸಾಕ್ಷಿಗೆ ಕರೆಯುವುದು ಆತನಿಗೆ ಮಾಡುವ ಅನ್ಯಾಯ.

ಇನ್ನು ನಿಧಿಯ ವಿಚಾರ. ಪ್ರಾಚೀನ ಧರ್ಮಶಾಸ್ತ್ರಕಾರರು ನಿಧಿಯನ್ನು ಹುಡುಕುವ ಮಂತ್ರಕ್ಕಿಂತ ಸಿಕ್ಕಿದ ನಿಧಿಯ ಹಂಚಿಕೆಗೆ ಹೆಚ್ಚು ಗಮನ ಕೊಟ್ಟರು. ಕೌಟಲ್ಯನ ಪ್ರಕಾರ ನಿಧಿಯನ್ನು ಕಂಡು ತಿಳಿಸಿದವನಿಗೆ ಆರನೆಯ ಒಂದು ಪಾಲು, ಅವನು ಭೃತ್ಯನಾದರೆ ಹನ್ನೆರಡನೆಯ ಒಂದು ಪಾಲು. ಯಾಜ್ಞವಲ್ಕ್ಯನು ಸಾಮಾನ್ಯನಿಗೆ ಆರನೆಯ ಪಾಲನ್ನು ಹೇಳಿ, ತಿಳಿಸದೆ ಮುಚ್ಚಿಟ್ಟವನಿಗೆ ದಂಡವನ್ನು ವಿಧಿಸುತ್ತಾನೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರದಲ್ಲಿ ಇದಕ್ಕೆ ವ್ಯಾಖ್ಯಾನ ಬರೆದನು. ಬ್ರಿಟಿಷ್ ಇಂಡಿಯದಲ್ಲಿ 1878ರ ನಿಧಿ ಕಾನೂನು ಬಂದಿತು. ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು. ಹೂತವನ ವಾರಸುದಾರರು ಇಲ್ಲದಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ಭೂಮಿಯ ಒಡೆಯನಿಗೆ. ನಮ್ಮ ರಾಜ್ಯದಲ್ಲಿ 1962ರಲ್ಲಿ ಪ್ರತ್ಯೇಕ ಶಾಸನವಾಯಿತು. ಈ ಎಲ್ಲ ವಿಧಿಗಳ ಹಿಂದಿರುವ ಚಿತ್ರ ಒಂದೇ: ಉಳುವಾಗಲೋ ಪಾಯ ತೋಡುವಾಗಲೋ ಅಕಸ್ಮಾತ್ತಾಗಿ ಕೊಡ ಕಾಣಿಸಿಕೊಂಡ ಮನುಷ್ಯ. ವಾಸ್ತವದಲ್ಲಿಯೂ ನಿಧಿಗಳು ದೊರೆತಿರುವುದು ಹೆಚ್ಚಾಗಿ ಹಾಗೆಯೇ. 1891ರಲ್ಲಿ ಬೆಂಗಳೂರಿನ ಬಳಿಯ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಮಡಕೆ ದೊರಕಿದುದು ರೈಲುದಾರಿಯ ಕೆಲಸದವರ ಗುದ್ದಲಿಗೆ, ಮಂತ್ರವಾದಿಯ ಅಂಜನಕ್ಕಲ್ಲ.

ಕವಲುಕಡ್ಡಿಯ ಲಿಖಿತ ಚರಿತ್ರೆಯನ್ನು ಅರಸಿದರೆ ಯೂರೋಪಿಗೆ ಹೋಗಬೇಕಾಗುತ್ತದೆ. 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿವಿದ್ಯೆಯ ಮಹಾಗ್ರಂಥದಲ್ಲಿ ಕವಲುಕಡ್ಡಿ ಹಿಡಿದು ಅದಿರನ್ನು ಅರಸುವವರ ಚಿತ್ರವಿದೆ. ಆತನು ಎರಡು ಪಕ್ಷದ ವಾದಗಳನ್ನೂ ಹೇಳಿ, ವಿವೇಕಿಯಾದ ಗಣಿಗಾರನು ನೆಲದ ಸ್ವಾಭಾವಿಕ ಚಿಹ್ನೆಗಳನ್ನು ನೋಡಲಿ, ಕಡ್ಡಿಯ ಗೊಡವೆ ಬೇಡವೆಂಬ ನಿರ್ಣಯಕ್ಕೆ ಬಂದನು. 1692ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕೊಲೆಯೊಂದು ನಡೆದಾಗ ಜಾಕ್ ಎಮಾರ್ ಎಂಬ ರೈತನು ಕಡ್ಡಿಯ ಸಹಾಯದಿಂದ ಅಪರಾಧಿಯ ಜಾಡನ್ನು ಹಿಡಿದನೆಂದು ಪ್ರಸಿದ್ಧನಾದನು. ಒಬ್ಬನಿಗೆ ಮರಣದಂಡನೆಯೂ ಆಯಿತು. ಅದೇ ಎಮಾರ್ ಪ್ಯಾರಿಸಿನಲ್ಲಿ ಪರೀಕ್ಷೆಗೆ ಗುರಿಯಾದಾಗ ಸೋತನು. ಮುಂದೆ 1701ರಲ್ಲಿ ನ್ಯಾಯವಿಚಾರಣೆಯಲ್ಲಿ ಕಡ್ಡಿಯನ್ನು ಬಳಸಕೂಡದೆಂದು ಕ್ಯಾಥೊಲಿಕ್ ಧರ್ಮವಿಚಾರಣಾ ಮಂಡಲಿ ವಿಧಿಸಿತು. ನೀರು ಸಿಗದಿದ್ದರೆ ಹಣ ಹೋಗುತ್ತದೆ. ಕಡ್ಡಿಯೋ ಅಂಜನವೋ ಒಬ್ಬನನ್ನು ಕಳ್ಳನೆಂದು ಹೇಳಿದರೆ ಅವನ ಮಾನವೂ ಪ್ರಾಣವೂ ಹೋಗಬಹುದು.

ಕನ್ನಡ ನಾಡಿನ ಒಂದು ಭಾಗಕ್ಕೆ ಈ ಕಡ್ಡಿ ಸರ್ಕಾರಿ ಅಧಿಕಾರದೊಡನೆ ಬಂದುದೂ ಉಂಟು. ಮೇಜರ್ ಪಾಗ್ಸನ್ ಎಂಬ ಸೈನ್ಯಾಧಿಕಾರಿ 1925ರಿಂದ 1930ರವರೆಗೆ ಸರ್ಕಾರದ ಜಲಶೋಧಕನಾಗಿ ಬೊಂಬಾಯಿ ಪ್ರಾಂತದಲ್ಲಿ ಕೆಲಸ ಮಾಡಿದನು. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. ಆತನ ಯಶಸ್ಸಿನ ವಾರ್ತೆಗಳು ಕಡ್ಡಿಯ ಪಕ್ಷಪಾತಿಗಳ ಗ್ರಂಥಗಳಲ್ಲಿ ಇಂದಿಗೂ ಉದ್ಧೃತವಾಗುತ್ತಿವೆ. ಇತ್ತ ಮೈಸೂರು ಸಂಸ್ಥಾನ 1894ರಲ್ಲಿಯೇ ರಾಬರ್ಟ್ ಬ್ರೂಸ್ ಫೂಟನ ನೇತೃತ್ವದಲ್ಲಿ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿಕೊಂಡಿತ್ತು. ಒಂದೇ ನಾಡಿನ ಎರಡು ಆಡಳಿತಗಳಲ್ಲಿ ಒಂದು ಶಿಲೆಯನ್ನು ಓದುವವನನ್ನೂ ಇನ್ನೊಂದು ಕಡ್ಡಿ ಹಿಡಿದವನನ್ನೂ ನೇಮಿಸಿಕೊಂಡಿದ್ದುದು ಚರಿತ್ರೆಯ ಒಂದು ವಿನೋದ. ಬರ ಬಂದ ಸರ್ಕಾರವೂ ಬರ ಬಂದ ರೈತನಂತೆಯೇ ಸಿಕ್ಕಿದ ಕೈಯನ್ನು ಹಿಡಿಯುತ್ತದೆಯೆಂದು ಇದನ್ನು ಅರ್ಥಮಾಡಿಕೊಳ್ಳುವುದು ಯುಕ್ತ.

ಹಾಗಾದರೆ ಕಡ್ಡಿ ತಿರುಗುವುದು ಸುಳ್ಳೆ? ಸುಳ್ಳಲ್ಲ. ತಿರುಗುವುದು ನಿಜ, ತಿರುಗಿಸುವುದು ನೀರಲ್ಲ. ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರೆಲ್ ತೂಗುಗುಂಡಿನ ಮೇಲೆ ಪ್ರಯೋಗ ನಡೆಸಿ, ಕಣ್ಣು ಕಟ್ಟಿದೊಡನೆ ಅದರ ಮಹಿಮೆ ನಿಲ್ಲುವುದನ್ನು ಕಂಡು, 1833ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದನು. ಮನಸ್ಸಿನ ನಿರೀಕ್ಷೆ ನಮಗೆ ಅರಿವಿಲ್ಲದೆಯೇ ಸ್ನಾಯುಗಳಲ್ಲಿ ಸೂಕ್ಷ್ಮ ಚಲನೆಯನ್ನು ಹುಟ್ಟಿಸುತ್ತದೆಂಬ ತತ್ತ್ವವನ್ನು 1852ರಲ್ಲಿ ಕಾರ್ಪೆಂಟರ್ ಪ್ರತಿಪಾದಿಸಿದನು. ಬಿಗಿಹಿಡಿದ ಕವಲುಕಡ್ಡಿ ಎಳೆದು ಕಟ್ಟಿದ ಬಿಲ್ಲಿನಂತೆ. ಮಣಿಕಟ್ಟು ಕೂದಲೆಳೆಯಷ್ಟು ಓರೆಯಾದರೂ ಅದು ಥಟ್ಟನೆ ತಿರುಗುತ್ತದೆ. ಅಂಗೈಯ ಮೇಲಿನ ಕಾಯಿಗೂ ಇದೇ ನ್ಯಾಯ. ಆದುದರಿಂದ ನೀರು ನೋಡುವವನು ಮೋಸಗಾರನೇ ಆಗಿರಬೇಕೆಂದಿಲ್ಲ. ಆತನೂ ಆ ಚಲನೆಯನ್ನು ಕಂಡು ಬೆರಗಾದವನೇ.

ಪರೀಕ್ಷೆಗಳೂ ನಡೆದಿವೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ 1917ರಲ್ಲಿ ಎಲಿಸ್ ಬರೆದ ಕಡ್ಡಿಯ ಇತಿಹಾಸವನ್ನು ಪ್ರಕಟಿಸಿ, ಇದರ ಮೇಲೆ ಇನ್ನೂ ಸಾರ್ವಜನಿಕ ಹಣವನ್ನು ವೆಚ್ಚ ಮಾಡುವುದು ಸಲ್ಲದೆಂಬ ಅಭಿಪ್ರಾಯವನ್ನು ತಿಳಿಸಿತು. 1987 ಮತ್ತು 1988ರಲ್ಲಿ ಜರ್ಮನಿಯ ಮ್ಯೂನಿಕ್ ಪ್ರದೇಶದಲ್ಲಿ ಸುಮಾರು 500 ಮಂದಿಯಿಂದ ಆರಿಸಿದ 43 ಜನರನ್ನು ಅಟ್ಟದ ಮೇಲೆ ನಡೆಸಿ, ಕೆಳಗೆ ಸ್ಥಳ ಬದಲಾಯಿಸುತ್ತಿದ್ದ ನೀರಿನ ಕೊಳವೆಯನ್ನು ಗುರುತಿಸುವಂತೆ 843 ಬಾರಿ ಪರೀಕ್ಷಿಸಲಾಯಿತು. ಪ್ರಯೋಗ ಮಾಡಿದವರು ಕೆಲವರಲ್ಲಿ ಶಕ್ತಿಯಿದೆಯೆಂದರು. ಅದೇ ಅಂಕಿಗಳನ್ನು ಎನ್‌ರೈಟ್ ಎಂಬ ವಿಜ್ಞಾನಿ 1999ರಲ್ಲಿ ಮತ್ತೆ ಪರಿಶೀಲಿಸಿ, ಫಲಿತಾಂಶ ಆಕಸ್ಮಿಕಕ್ಕಿಂತ ಭಿನ್ನವಲ್ಲವೆಂದು ತೋರಿಸಿದನು.

ಹೀಗಿದ್ದರೂ ಹಳ್ಳಿಯಲ್ಲಿ ನಂಬಿಕೆ ಏಕೆ ಉಳಿದಿದೆ? ಲೆಕ್ಕವನ್ನು ಸ್ವಲ್ಪ ನೋಡಬೇಕು. ಒಂದು ಬಯಲಿನಲ್ಲಿ ಹತ್ತು ಕಡೆ ತೋಡಿದರೆ ಏಳು ಕಡೆ ಅಷ್ಟಿಷ್ಟು ನೀರು ಸಿಗುವುದೆಂದು ಭಾವಿಸೋಣ. ಅಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದವನೂ ಹತ್ತರಲ್ಲಿ ಏಳು ಸಲ ಗೆಲ್ಲುತ್ತಾನೆ. ಕಪಿಲೆ ಬಾವಿಗಳ ಕಾಲದಲ್ಲಿ ನೀರಿನ ಮಟ್ಟ ಮೇಲಿದ್ದಾಗ ನೀರು ನೋಡುವವನ ಕೀರ್ತಿ ಬೆಳೆದುದು ಈ ನೆರವಿನಿಂದ. ಗೆದ್ದ ಏಳು ಬಾವಿಗಳು ಊರಿನ ಕಣ್ಣೆದುರಿಗೆ ಇರುತ್ತವೆ. ಸೋತ ಮೂರನ್ನು ಮಣ್ಣು ಮುಚ್ಚುತ್ತದೆ. ಜೊತೆಗೆ ಅನುಭವಿಯಾದವನಿಗೆ ಹಳ್ಳದ ಓರೆ, ಮರಗಳ ಹಸುರು, ನೆರೆಯ ಬಾವಿಗಳ ಸ್ಥಿತಿ ಎಲ್ಲವೂ ತಿಳಿದಿರುತ್ತವೆ. ಕಡ್ಡಿ ಹಿಡಿದಿದ್ದರೂ ಆತನು ಓದುತ್ತಿರುವುದು ನೆಲವನ್ನೇ. ಆದರೆ ಈಗ ಅರಿಸಿನ, ಬಾಳೆ, ತರಕಾರಿಗಳಿಗಾಗಿ ಕೊಳವೆ ಬಾವಿಗಳು ಹೆಚ್ಚಿ ಜಲಮಟ್ಟ ಇಳಿದಿದೆ. ಭೂಜಲದ ಅಧಿಕೃತ ಗಣನೆಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕು ಅತಿಬಳಕೆಯ ವರ್ಗಕ್ಕೆ ಸೇರಿದುದುಂಟು. ಸಡಿಲ ಪದರ ಒಣಗಿ ನೀರು ಆಳದ ಕಿರಿದಾದ ಬಿರುಕುಗಳಿಗೆ ಸೀಮಿತವಾದಾಗ ಹಳೆಯ ಗೆಲುವಿನ ಪ್ರಮಾಣ ಉಳಿಯುವುದಿಲ್ಲ. ಹಳೆಯ ಕೀರ್ತಿಯ ಮೇಲೆ ಹೊಸ ಸಾಲ ಹುಟ್ಟುವುದು ಇಲ್ಲಿಯೇ.

ನಿಧಿಯ ವಿಷಯದಲ್ಲಿ ಈ ನೆರವು ಮೊದಲಿನಿಂದಲೂ ಇಲ್ಲ. ಹತ್ತು ಕಡೆ ಅಗೆದರೆ ಹತ್ತೂ ಕಡೆ ಮಣ್ಣೇ. ಆದುದರಿಂದ ಅಲ್ಲಿ ಸೋಲಿಗೆ ಬೇರೆ ಕಾರಣ ಬೇಕಾಗುತ್ತದೆ: ಕಾವಲಿನ ಭೂತ ಒಪ್ಪಲಿಲ್ಲ, ಬಲಿ ಸಾಲಲಿಲ್ಲ, ಮುಹೂರ್ತ ತಪ್ಪಿತು. ಪ್ರತಿಯೊಂದು ಸೋಲೂ ಇನ್ನೂ ಹೆಚ್ಚಿನದೊಂದನ್ನು ಬೇಡುತ್ತದೆ. ಇಲ್ಲಿಯೇ ಆ ನಂಬಿಕೆಯ ಕ್ರೌರ್ಯ ಅಡಗಿದೆ. ಕರ್ನಾಟಕದಲ್ಲಿ 2017ರಲ್ಲಿ ರಚಿತವಾಗಿ 2020ರಲ್ಲಿ ಜಾರಿಗೆ ಬಂದ ಅಮಾನುಷ ಅನಿಷ್ಟ ಪದ್ಧತಿಗಳ ನಿರ್ಮೂಲನ ಕಾನೂನು ನಿಧಿಶೋಧಕ್ಕಾಗಿ ನಡೆಸುವ ಅಮಾನುಷ ಕೃತ್ಯಗಳನ್ನು ನಿಷೇಧಗಳ ಪಟ್ಟಿಯಲ್ಲಿ ಸೇರಿಸಿದುದು ಸುಮ್ಮನೆ ಅಲ್ಲ. ದೊಡ್ಡವರೂ ಈ ಆಸೆಯಿಂದ ಹೊರತಲ್ಲ. 2013ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ದೌಂಡಿಯಾ ಖೇಡಾದಲ್ಲಿ ಸಾಧುವೊಬ್ಬರ ಕನಸಿನ ವಾರ್ತೆಯ ಬೆನ್ನಲ್ಲಿ ಪುರಾತತ್ತ್ವ ಇಲಾಖೆಯೇ ಉತ್ಖನನ ನಡೆಸಿತು. ಹೇಳಿದ ಚಿನ್ನ ಸಿಗಲಿಲ್ಲ. ನಾಶವಾದುದು ಚಿನ್ನಕ್ಕಿಂತ ಹೆಚ್ಚಿನದಾಗಿರಲು ಸಾಧ್ಯ. ಪಾಳುಗುಡಿಯ ಪೀಠವನ್ನು ಕಿತ್ತು ಅಗೆದವನು ಮಡಕೆಯ ಚೂರು, ಇಟ್ಟಿಗೆಯ ಸಾಲು, ಮಣ್ಣಿನ ಪದರಗಳ ಕ್ರಮವನ್ನು ಕಲಕಿಹಾಕುತ್ತಾನೆ. ಶಾಸನದ ಕಲ್ಲಿನ ಕೆಳಗೆ ಹೊನ್ನಿದೆಯೆಂದು ಅದನ್ನು ಉರುಳಿಸಿದವನಿಗೆ ಹೊನ್ನು ಆ ಕಲ್ಲಿನ ಮೇಲೆಯೇ ಇತ್ತೆಂದು ಯಾರೂ ಹೇಳಿರುವುದಿಲ್ಲ.

ಈ ಮಾತಿಗೆ ಚಾಮರಾಜನಗರವೇ ನಿದರ್ಶನ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಅರಿಕುಠಾರದಲ್ಲಿ ಬಸದಿಯನ್ನು ಕಟ್ಟಿಸಿದ ಸಂಗತಿ ಅಲ್ಲಿನ ಶಾಸನದಿಂದ ತಿಳಿದುಬರುತ್ತದೆ. ಕೆಟ್ಟುಹೋದ ವ್ಯಾಪಾರಿಗೂ ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೂ ಆತನು ಕಳೆದುದನ್ನು ಕೊಟ್ಟು ಕಾಪಾಡಿದನೆಂದು ಆ ಶಾಸನ ಕೊಂಡಾಡುತ್ತದೆ. ಒಂಬೈನೂರು ವರ್ಷಗಳ ಹಿಂದಿನ ಈ ಸೀಮೆಯ ರೈತನ ಕಷ್ಟವನ್ನು ನಮಗೆ ತಿಳಿಸುವ ಇಂತಹ ಕಲ್ಲು ಒಡೆದುಹೋಗಿದ್ದರೆ ಯಾವ ಅಂಜನವೂ ಅದನ್ನು ಹಿಂದಕ್ಕೆ ತರಲಾರದು.

ವಿಜ್ಞಾನದ ಉಪಾಯಗಳು ಸರ್ವಶಕ್ತವೆಂದು ಹೇಳುವುದೂ ಪ್ರಾಮಾಣಿಕವಲ್ಲ. ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ ಅದರ ರೋಧವನ್ನು ಅಳೆಯುವ ಕ್ರಮ ಸಡಿಲ ಪದರದ ದಪ್ಪವನ್ನು ಚೆನ್ನಾಗಿ ತಿಳಿಸುತ್ತದೆ. ಗಟ್ಟಿ ಬಂಡೆಯ ಆಳದ ಸಣ್ಣ ಬಿರುಕನ್ನು ಯಾವಾಗಲೂ ತೋರಿಸಲಾರದು. ಉಪಗ್ರಹ ಚಿತ್ರಗಳಲ್ಲಿ ಕಾಣುವ ಬಿರುಕಿನ ರೇಖೆಗಳೂ ಸಂಭವವನ್ನು ಹೇಳುತ್ತವೆ, ನಿಶ್ಚಯವನ್ನಲ್ಲ. ಭೂವಿಜ್ಞಾನಿ ಸಂಭವವನ್ನು ಹೇಳುವಾಗ ಕಡ್ಡಿ ಹಿಡಿದವನು ನಿಶ್ಚಯವನ್ನು ಹೇಳುತ್ತಾನೆ. ಕಷ್ಟದಲ್ಲಿರುವವನ ಕಿವಿಗೆ ನಿಶ್ಚಯವೇ ಇಂಪು. ಆದರೆ ಭೂವಿಜ್ಞಾನಿಯ ತಪ್ಪು ಲಿಖಿತವಾಗಿ ಉಳಿದು ಮುಂದಿನವನಿಗೆ ಪಾಠವಾಗುತ್ತದೆ. ಕಡ್ಡಿಯ ತಪ್ಪು ಮರೆತುಹೋಗುತ್ತದೆ. ಎರಡಕ್ಕೂ ಇರುವ ನಿಜವಾದ ಅಂತರ ಇದು. ಅಲ್ಲದೆ ಎಷ್ಟೇ ಚೆನ್ನಾಗಿ ಹುಡುಕಿದರೂ ಇಂಗದ ನೀರನ್ನು ಎತ್ತಲಾಗದು. ಈ ಸೀಮೆಯ ಹಿರಿಯರು ಕೆರೆಗಳನ್ನು ಕಟ್ಟಿದ್ದರು. ಈಚಿನ ವರ್ಷಗಳಲ್ಲಿ ಕಬಿನಿಯಿಂದ ನೀರೆತ್ತಿ ಆ ಕೆರೆಗಳನ್ನು ತುಂಬಿಸುವ ಪ್ರಯತ್ನ ನಡೆದಿದೆ. ನೀರನ್ನು ಹುಡುಕುವುದಕ್ಕಿಂತ ಇರಿಸುವುದು ಮೇಲೆಂಬ ಹಳೆಯ ವಿವೇಕಕ್ಕೆ ಇದು ಮರಳಿಕೆ.

ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಒಂದು ಕಾರ್ಯವನ್ನು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ. ಪ್ರತಿಯೊಬ್ಬರೂ ತಮ್ಮ ತಮ್ಮ ಗ್ರಾಮದಲ್ಲಿ ತೋಡಿದ ಬಾವಿಗಳ ಪಟ್ಟಿಯನ್ನು ಮಾಡಲಿ: ಯಾವ ವರ್ಷ, ಎಷ್ಟು ಆಳ, ಯಾರು ಯಾವ ಕ್ರಮದಿಂದ ಸ್ಥಳ ತೋರಿಸಿದರು, ನೀರು ಬಂದಿತೆ, ಎಷ್ಟು ಕಾಲ ನಿಂತಿತು. ಗೆದ್ದುದನ್ನೂ ಸೋತುದನ್ನೂ ಸಮನಾಗಿ ಬರೆಯಬೇಕು. ನೀರು ನೋಡುವ ಹಿರಿಯರಿಗೆ ಮರ, ಮಣ್ಣು, ಕಲ್ಲುಗಳ ವಿಷಯದಲ್ಲಿ ತಿಳಿದಿರುವುದನ್ನು ಗೌರವದಿಂದ ಕೇಳಿ ಬರೆದುಕೊಳ್ಳಬೇಕು. 1905ರಲ್ಲಿ ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಯ ಗರಿಗಳನ್ನು ಒಂದೊಂದಾಗಿ ಓದಿ, ನಷ್ಟವಾಯಿತೆಂದು ಎಲ್ಲರೂ ತಿಳಿದಿದ್ದ ಕೌಟಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ನಿಧಿಯ ಪಾಲನ್ನು ಹೇಳುವ ಆ ಗ್ರಂಥವೇ ಒಂದು ನಿಧಿಯಾಗಿ ದೊರಕಿದ ಬಗೆ ಇದು. ಕಳೆದುಹೋದುದನ್ನು ಹುಡುಕುವುದಕ್ಕೆ ಇದಕ್ಕಿಂತ ನಂಬಿಕೆಗೆ ಯೋಗ್ಯವಾದ ಮಾರ್ಗವನ್ನು ನಾವು ಕಾಣೆವು.